ಹಳದಿ ಕಡ್ಡಿಯ ಮೇಲಿನ ಗೆರೆಗಳು

ಕಮಲಮ್ಮ ನಮ್ಮ ಚಿತ್ರಶಾಲೆಗೆ ಮೊದಲ ಸಲ ಬಂದದ್ದು ಆಟೋದಲ್ಲಿ ಎಂದು ನನ್ನ ನೆನಪು. ಜತೆಗೆ ರೇಷ್ಮೆ ಬಿಗಿದ ಮರದ ಚೌಕಟ್ಟೊಂದಿತ್ತು. ಅದು ಒಳಗೆ ಹಿಡಿಸದೆ ಅರ್ಧ ಹೊರಗೆ ಚಾಚಿಕೊಂಡು ಗಾಳಿಪಟದ ಹಾಗೆ ಬಡಿದುಕೊಳ್ಳುತ್ತಿತ್ತು. ನನ್ನ ಸಹೋದ್ಯೋಗಿ ಗುರುಸಿದ್ದಪ್ಪನವರು ಮಾತ್ರ ಇಂದಿಗೂ ಒಪ್ಪುವುದಿಲ್ಲ. "ಜಟಕಾದಲ್ಲಿ ಬಂದ್ರು ಸಾರ್. ಕುದುರೆ ನಮ್ಮ ಗೇಟಿನ ಬಳ್ಳಿ ತಿಂದ್ಬುಡ್ತಲ್ಲ, ಮರೆತ್ರಾ?" ಎನ್ನುತ್ತಾರೆ. ಆಕೆಗೆ ಲಕ್ಷ್ಮೀಪುರಂನಲ್ಲಿ ಕೋಣೆ ಬಾಡಿಗೆಗೆ ಕೊಟ್ಟಿದ್ದ ನಾಗರತ್ನಮ್ಮನವರ ಪ್ರಕಾರ ಎರಡೂ ಸುಳ್ಳು, ನಡೆದುಕೊಂಡೇ ಹೋದರಂತೆ. ಮೂವರಲ್ಲಿ ಇಬ್ಬರಂತೂ ತಪ್ಪು. ಮೂವರೂ ತಪ್ಪಾಗಿದ್ದರೂ ನನಗೆ ಆಶ್ಚರ್ಯವಿಲ್ಲ. ತೊಂಬತ್ತರ ದಶಕದ ನಡುವಿನ ಯಾವುದೋ ವರ್ಷ, ಚಳಿಗಾಲ. ಅಷ್ಟು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಚಳಿಗಾಲ ಎನ್ನುವುದಕ್ಕೆ ಸ್ವೆಟರಿನ ಸಾಕ್ಷಿ ಇದೆ, ಮುಂದೆ ಬರುತ್ತದೆ.

ಹಳೆಯ ಚಿತ್ರಗಳ ದುರಸ್ತಿ ನನ್ನ ಕೆಲಸವಾಗಿತ್ತು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ಸೋಪಿನ ಕಾರ್ಖಾನೆ, ಟ್ಯುಟೋರಿಯಲ್ಲು, ಇಲವಾಲದ ಹತ್ತಿರದ ಒಂದು ಬಣ್ಣದ ಕಂಪನಿ ಎಂದು ಅಲೆದು, ಎಲ್ಲೂ ಕಾಲು ನಿಲ್ಲದೆ ಕೊನೆಗೆ ಇಲ್ಲಿಗೆ ಬಂದೆ. ಇಲ್ಲಿ ನಿಂತೆ. ನಮ್ಮ ವಿಭಾಗದಲ್ಲಿ ಒಂದೇ ನಿಯಮವಿತ್ತು: ಕಂಡದ್ದನ್ನು ಹೇಳು, ಊಹಿಸಿದ್ದನ್ನು ಹೇಳಬೇಡ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಬೋಗಾದಿಯ ನಮ್ಮ ಮನೆಗೆ ಬಂದು "ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್?" ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಆ ನಿಯಮವನ್ನು ಚಿತ್ರಗಳ ವಿಷಯದಲ್ಲಿ ಪಾಲಿಸಿದಷ್ಟು ಸುಲಭವಾಗಿ ನೆನಪಿನ ವಿಷಯದಲ್ಲಿ ಪಾಲಿಸಲಾಗದು ಎಂಬ ಎಚ್ಚರ ಇಟ್ಟುಕೊಂಡು ಓದಬೇಕು.

ಹೊರಗಿನವರು ಇದನ್ನು ಕಲೆಯ ಕೆಲಸ ಎಂದುಕೊಳ್ಳುತ್ತಾರೆ. ಅಲ್ಲ. ಇದು ಹತ್ತಿ, ಅಂಟು ಮತ್ತು ಕಾಯುವುದರ ಕೆಲಸ. ಬೆರಳಗಲದ ಜಾಗ ಶುಚಿ ಮಾಡಲು ಒಂದು ಮಧ್ಯಾಹ್ನ ಹೋಗುತ್ತದೆ. ಅದಕ್ಕೆ ನಾವು ಬಳಸುತ್ತಿದ್ದ ಅತ್ಯುತ್ತಮ ದ್ರಾವಣ ಯಾವುದು ಗೊತ್ತೇ? ಬಾಯ ಉಗುಳು. ಕಡ್ಡಿಗೆ ಹತ್ತಿ ಸುತ್ತಿ ನಾಲಗೆಯ ಮೇಲೆ ಉರುಳಿಸಿ ಚಿತ್ರದ ಮೇಲೆ ಮೆಲ್ಲಗೆ ಹೊರಳಿಸಿದರೆ, ವರ್ಷಗಳ ಹೊಗೆಮಸಿ ಬಿಟ್ಟುಕೊಳ್ಳುತ್ತದೆ. ಪ್ರಪಂಚದಾದ್ಯಂತ ದುರಸ್ತಿಗಾರರು ಹೀಗೆ ಮಾಡುತ್ತಾರೆ. ಆದರೆ ಪ್ರಪಂಚದಾದ್ಯಂತ ನಮ್ಮ ಡೈರೆಕ್ಟರ್ ಶಿವನಂಜಪ್ಪನವರು ಇರುವುದಿಲ್ಲ.

ನಾನು ಒಂದು ರಾಜರಾಜೇಶ್ವರಿಯ ಪಾದ ಶುಚಿ ಮಾಡುತ್ತಿದ್ದೆ. ಅವರು ಮಠದ ಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿ ಇನ್ನೂ ಒಣಗುತ್ತಿರುವಾಗಲೇ ಒಳಗೆ ಬಂದರು. ನನ್ನ ಬಾಯಿಂದ ಕಡ್ಡಿ ಹೊರಬಂದು ದೇವಿಯ ಪಾದಕ್ಕೆ ಹೋದದ್ದನ್ನು ನೋಡಿದರು.

"ಏನ್ರೀ ಮೂರ್ತಿ ಅದು?"

"ಲಾಲಾರಸ ಸಾರ್. ಅದರಲ್ಲಿರೋ ಕಿಣ್ವ..."

"ಎಂಜಲು ಅನ್ರೀ! ದೇವಿಗೆ ಎಂಜಲು ಹಚ್ತೀರಲ್ರೀ, ಎಂ.ಎಸ್ಸಿ. ಓದಿ!"

ನಾನು ಶಾಸ್ತ್ರ ವಿವರಿಸಿದೆ. ಅವರು ಇನ್ನೊಂದು ಶಾಸ್ತ್ರ ವಿವರಿಸಿದರು. ಕೊನೆಗೆ ಆಜ್ಞೆಯಾಯಿತು: ದೇವರ ಚಿತ್ರಗಳಿಗೆ ಬರೀ ಬಟ್ಟಿ ಇಳಿಸಿದ ನೀರು. ಬಾಗಿಲವರೆಗೆ ಹೋದವರು ತಿರುಗಿದರು. "ಮಹಾರಾಜರ ಚಿತ್ರಗಳಿಗೂ ಬೇಡ." ಇನ್ನೆರಡು ಹೆಜ್ಜೆ ಹೋಗಿ ಮತ್ತೆ ನಿಂತು, "ಇಂಗ್ಲಿಷ್ ದೊರೆಗಳಿಗೆ ಬೇಕಾದ್ರೆ ಹಚ್ಚಿಕೊಳ್ಳಿ" ಎಂದರು. ನಮ್ಮ ಸಂಗ್ರಹದಲ್ಲಿ ಬ್ರಿಟಿಷ್ ಅಧಿಕಾರಿಗಳ ಮುಖಗಳೇ ಎಲ್ಲಕ್ಕಿಂತ ಶುಭ್ರವಾಗಿರುವುದೇಕೆ ಎಂದು ಯಾರಾದರೂ ಸಂಶೋಧನೆ ಮಾಡುವುದಾದರೆ ಕಾರಣ ಇದು.

ಶುಭ್ರ ಎಂದಾಗ ಇನ್ನೊಂದು ನೆನಪಾಗುತ್ತದೆ. ನಗರದ ಹಳೆಯ ಮನೆತನದವರು ಅಜ್ಜನ ತೈಲಚಿತ್ರ ತಂದುಕೊಟ್ಟಿದ್ದರು. ಕಂದಿದ್ದ ವಾರ್ನಿಷ್ ತೆಗೆದಾಗ ಅಜ್ಜ ಕೆಂಪಗೆ, ಲಕ್ಷಣವಾಗಿ ಹೊರಬಂದ. ಮನೆಯ ಸೊಸೆ ನೋಡಿದವರೇ, "ಇವರು ನಮ್ಮಜ್ಜ ಅಲ್ಲ ಕಣ್ರೀ. ನಮ್ಮನೇಲಿ ಯಾರೂ ಇಷ್ಟು ಬೆಳ್ಳಗಿಲ್ಲ. ಮೊದಲಿನ ಹಾಗೇ ಮಾಡ್ಕೊಡಿ" ಎಂದು ಪಟ್ಟು ಹಿಡಿದರು. ಚಿತ್ರ ಬರೆದಾಗ ಇದ್ದ ಅಜ್ಜ ನಿಜವೋ, ಮೂರು ತಲೆಮಾರು ನೋಡಿ ಕೈಮುಗಿದ ಅಜ್ಜ ನಿಜವೋ? ಹೊಸ ವಾರ್ನಿಷ್‌ನಲ್ಲಿ ಒಂದಿಷ್ಟು ಕಂದು ಬೆರೆಸಿ ಅಜ್ಜನಿಗೆ ಮನೆಯ ಬಣ್ಣ ಮರಳಿಸಿದೆ. ಬೇಕೆಂದರೆ ನಾಳೆ ತೆಗೆಯಬಹುದು. ತೆಗೆಯಲು ಬಾರದ್ದನ್ನು ಹಚ್ಚಬಾರದು ಎಂಬುದೇ ನಮ್ಮ ವೃತ್ತಿಯ ಧರ್ಮ.

ಈ ಎಲ್ಲದರ ನಡುವೆ ಕಮಲಮ್ಮ ಬಂದರು. ಅವರ ನಿಜವಾದ ಹೆಸರು ಲಿಯೆನ್. ಹುಟ್ಟಿದ್ದು ವಿಯೆಟ್ನಾಂನಲ್ಲಿ, ಎಂಟೋ ಒಂಬತ್ತೋ ವರ್ಷದವರಿದ್ದಾಗ ತಾಯಿಯನ್ನು ಅಲ್ಲೇ ಬಿಟ್ಟು, ಅಣ್ಣನ ಜತೆ ಚಿಕ್ಕಪ್ಪನ ಹಿಂದೆ ಪ್ಯಾರಿಸ್ಸಿಗೆ ಹೋದವರು. ಮತ್ತೆ ತಾಯಿಯನ್ನು ಕಾಣಲಿಲ್ಲ. ಒಂದು ಫೋಟೋ ಕೂಡ ಉಳಿಯಲಿಲ್ಲ. ಪ್ಯಾರಿಸ್ಸಿನಲ್ಲಿ ತೈಲವರ್ಣ, ನೆರಳು ಬೆಳಕು ಕಲಿತರು. ಆಮೇಲೆ ತಮ್ಮ ದೇಶದ ಪದ್ಧತಿಯಂತೆ ರೇಷ್ಮೆಯ ಮೇಲೆ ನೀರುಬಣ್ಣದಲ್ಲಿ ಬರೆಯತೊಡಗಿದರು. ಪೂರ್ವ ಪಶ್ಚಿಮ ಎರಡನ್ನೂ ಬೆಸೆದವರು ಎಂದು ಅಲ್ಲಿನವರು ಹೊಗಳಿದರಂತೆ. ನಮ್ಮ ಚಿತ್ರಗಳ ಚಿನ್ನದ ರೇಕಿನ ಕೆಲಸ ಕಲಿಯಲು ಐದಾರು ತಿಂಗಳಿಗೆ ಮೈಸೂರಿಗೆ ಬಂದಾಗ ಅರವತ್ತು ದಾಟಿತ್ತು.

"ಲಿಯೆನ್ ಅಂದ್ರೆ ಏನಮ್ಮಾ ಅರ್ಥ?" ಎಂದು ನಾಗರತ್ನಮ್ಮ ಮೊದಲ ದಿನವೇ ಕೇಳಿದರಂತೆ. ತಾವರೆ ಎಂದು ತಿಳಿದು, "ಹಾಗಾದ್ರೆ ಕಮಲ ಅಂದ್ರಾಯ್ತು ಬಿಡಿ" ಎಂದು ನಾಮಕರಣ ಮುಗಿಸಿದರು.

ಸ್ವೆಟರಿನ ವಿಷಯ ಇದು. ಚಳಿಗಾಲದಲ್ಲಿ ಟಿಬೆಟನ್ನರು ಮೈಸೂರಿಗೆ ಬಂದು ರಸ್ತೆಬದಿಯಲ್ಲಿ ಸ್ವೆಟರ್ ಮಾರುವುದು ಎಲ್ಲರಿಗೂ ಗೊತ್ತು. ಕಮಲಮ್ಮನ ಮುಖ ನೋಡಿದವರೆಲ್ಲ, "ಸ್ವೆಟರ್ ಎಷ್ಟಮ್ಮಾ? ಮಕ್ಕಳ ಸೈಜ್ ಇದ್ಯಾ?" ಎಂದು ತಡೆಯುತ್ತಿದ್ದರು. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ನಾಗರತ್ನಮ್ಮನಿಂದ ತಮ್ಮ ಮೊದಲ ಕನ್ನಡ ವಾಕ್ಯ ಕಲಿತುಕೊಂಡರು: "ಇವತ್ತು ರಜ ಕಣಮ್ಮ." ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ, ಗುರುಸಿದ್ದಪ್ಪನವರಿಗೆ ನಾನೇ ಕನ್ನಡ ಮಾಡಿ ಹೇಳುತ್ತಿದ್ದೆ. ಒಂದು ದಿನ ಯಾರೋ ಮುದುಕಿ ಆಕೆ ತೊಟ್ಟಿದ್ದ ಸ್ವೆಟರನ್ನೇ ಮುಟ್ಟಿ ನೋಡಿ ಬಿಡದೆ ಚೌಕಾಸಿ ಮಾಡಿದಳಂತೆ. ಚಿತ್ರಶಾಲೆಗೆ ಬಂದಾಗ ಮೈಮೇಲೆ ಸ್ವೆಟರ್ ಇರಲಿಲ್ಲ. "ಮಾರಿಬಿಟ್ಟೆ ಮೂರ್ತಿ ಸಾರ್! ಪ್ಯಾರಿಸ್ಸಿನಲ್ಲಿ ನನ್ನ ಚಿತ್ರ ಇಷ್ಟು ಬೇಗ ಹೋಗುವುದಿಲ್ಲ" ಎಂದು ನಡುಗುತ್ತಾ ನಕ್ಕರು.

ರೇಷ್ಮೆಚಿತ್ರದ ಕ್ರಮ ನಮಗೆ ಹೊಸದು. ತೆಳು ರೇಷ್ಮೆಯನ್ನು ಚೌಕಟ್ಟಿಗೆ ಬಿಗಿದು, ಬಣ್ಣ ಹಾಕಿ, ಒಣಗಿಸಿ, ಆಮೇಲೆ ನೀರಲ್ಲಿ ತೊಳೆಯುತ್ತಾರೆ. ಮೇಲೆ ನಿಂತ ಬಣ್ಣ ಹೋಗುತ್ತದೆ, ಎಳೆಯೊಳಗೆ ಇಳಿದದ್ದು ಉಳಿಯುತ್ತದೆ. ಮತ್ತೆ ಬಣ್ಣ, ಮತ್ತೆ ನೀರು. ಗುರುಸಿದ್ದಪ್ಪನವರಿಗೆ ಇದು ನೋಡಲಾಗುತ್ತಿರಲಿಲ್ಲ. ಅವರು ನಮ್ಮಲ್ಲಿ ಸಾಂಪ್ರದಾಯಿಕ ಚಿತ್ರಗಳ ಕೈ. ಚಿನ್ನದ ಕೆಲಸದಲ್ಲಿ ಗಟ್ಟಿಗರು, ಮಾತಿನಲ್ಲಿ ಅದಕ್ಕಿಂತ ಗಟ್ಟಿಗರು. "ಬಟ್ಟೆ ಒಗೆಯೋದು ಕೇಳಿದ್ದೀನಿ. ಚಿತ್ರ ಒಗೆಯೋದು ಇದೇ ಮೊದಲು" ಎನ್ನುತ್ತಿದ್ದರು.

ಇದರಲ್ಲಿ ಶಿವನಂಜಪ್ಪನವರ ಪ್ರವೇಶವಾಯಿತು. "ಮೈಸೂರಿಗೆ ಬಂದು ಬೇರೆ ರೇಷ್ಮೆ ಮೇಲೆ ಬರೀತಾರೇನ್ರೀ? ನಮ್ಮ ಮಾನದ ಪ್ರಶ್ನೆ!" ಎಂದು ಅಚ್ಚ ಮೈಸೂರು ಸಿಲ್ಕಿನ ಬಟ್ಟೆ ತರಿಸಿ, ಚಿಕ್ಕ ಸಭೆ ಮಾಡಿ, ಹಾರ ಹಾಕಿ ಕೊಟ್ಟರು. ಕಮಲಮ್ಮ ಮರ್ಯಾದೆಗೆ ಅದನ್ನೇ ಬಿಗಿದು, ಒಂದು ಗಿಣಿ ಬರೆದು, ಎಲ್ಲರೆದುರು ಹಿತ್ತಲ ತೊಟ್ಟಿಯಲ್ಲಿ ಅದ್ದಿದರು. ಹುರಿ ಹಾಕಿದ ನೂಲಿನ ಬಟ್ಟೆ. ನೀರು ತಾಗಿದ್ದೇ ತಡ ಮುದುರಿಕೊಳ್ಳಲು ಶುರುವಾಯಿತು. ಚೌಕಟ್ಟು ಕಿರ್ ಎಂದಿತು. ಒಂದು ಮೂಲೆ ಪಟ್ ಎಂದು ಬಿಚ್ಚಿಕೊಂಡಿತು. ಗಿಣಿ ಗುಬ್ಬಚ್ಚಿಯಷ್ಟಾಯಿತು.

ಡೈರೆಕ್ಟರ್ ಬಿಚ್ಚಿಕೊಂಡ ಮೂಲೆಯನ್ನು ಎಲ್ಲರಿಗೂ ತೋರಿಸಿ, "ನೋಡಿದ್ರಾ ನಮ್ಮ ರೇಷ್ಮೆ ಶಕ್ತಿ! ಮರಾನೇ ಮುರೀತು" ಎಂದರು. ಸುದ್ದಿ ಕೇಳಿದ ನಾಗರತ್ನಮ್ಮ ಮಾತ್ರ ತಲೆ ಚಚ್ಚಿಕೊಂಡರು. "ಮೈಸೂರು ಸಿಲ್ಕ್‌ನ ನೀರಿಗೆ ಹಾಕ್ತಾರೇನ್ರೀ? ಅಷ್ಟು ಜನ ಗಂಡಸರು ನಿಂತಿದ್ರಲ್ಲ, ಒಬ್ಬರ ಮನೇಲೂ ಹೆಂಡತಿ ಇಲ್ವೇ?" ಅಲ್ಲಿಂದ ಮುಂದೆ ಸಾದಾ ನೇಯ್ಗೆಯ ತೆಳು ರೇಷ್ಮೆಯೇ ಬಂತು.

ಕಮಲಮ್ಮ ಬರೆಯಲು ಹೊರಟದ್ದು ತಮ್ಮ ತಾಯಿಯನ್ನು. ಹೊರದೇಶದಲ್ಲಿ ಹಲವು ಸಲ ಶುರುಮಾಡಿ, ಪ್ರತಿ ಸಲವೂ ಪೂರ್ತಿ ತೊಳೆದುಹಾಕಿದ್ದರಂತೆ. "ಇದು ಕೊನೆಯ ಸಲ. ಆಗದಿದ್ದರೆ ಇನ್ನು ಆಕೆಯನ್ನು ಬರೆಯುವುದಿಲ್ಲ" ಎಂದಿದ್ದರು. ತಾಯಿ ನೆಲದ ಮೇಲೆ ಕುಳಿತು ಬೀಸಣಿಗೆಗೆ ಹೂ ಬರೆಯುತ್ತಿದ್ದಾಳೆ. ಮುಖಕ್ಕೆ ಎಡಗಡೆಯಿಂದ ಬೆಳಕು, ಬಲಕ್ಕೆ ನೆರಳು. ಬೀಸಣಿಗೆಯ ಅಂಚಿಗೆ ನಮ್ಮ ಉಬ್ಬುಗೆಲಸ ಮತ್ತು ಚಿನ್ನ.

ನೆರಳಿನ ಮೇಲೆ ದೊಡ್ಡ ಜಗಳವೇ ನಡೆಯಿತು.

"ಮುಖಕ್ಕೆ ಯಾಕೆ ಮೇಡಂ ಮಸಿ? ದೇವರಿಗೆ ನೆರಳಿರಲ್ಲ" ಎಂದರು ಗುರುಸಿದ್ದಪ್ಪ.

"ಇದು ದೇವರಲ್ಲ. ನನ್ನ ಅಮ್ಮ."

"ಅಂಗಾದ್ರೆ ಇರಲೇಬಾರದು."

ಕಮಲಮ್ಮ ಕುಂಚ ತೊಳೆದಿಟ್ಟು ಅಂದಿನ ಕೆಲಸ ನಿಲ್ಲಿಸಿದರು. ಮರುದಿನ ನೋಡಿದರೆ ನೆರಳು ಇತ್ತು, ಕಪ್ಪು ಇರಲಿಲ್ಲ. ನೆರಳನ್ನು ಹಳದಿಯಲ್ಲಿ ಬರೆದಿದ್ದರು. ಪ್ಯಾರಿಸ್ಸಿನ ಮೇಷ್ಟ್ರು, ಮೈಸೂರಿನ ಮೇಷ್ಟ್ರು ಇಬ್ಬರೂ ಬೈಯುವಂತಿಲ್ಲ.

ಇನ್ನೊಂದು ಹಳದಿ ಮುಂದಿನ ತಕರಾರಿಗೆ ಮೂಲವಾಯಿತು. ಚಿನ್ನದ ರೇಕು ಕೂರಿಸುವ ಉಬ್ಬುಗೆಲಸದ ಹಿಟ್ಟಿಗೆ ಗುರುಸಿದ್ದಪ್ಪ ಮಕ್ಕಿ ಎಂಬ ಹಳದಿ ಮರದಂಟನ್ನು ಬೆರೆಸುತ್ತಿದ್ದರು. ಬೇರು, ಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಚೂರುಚೂರಾಗಿ ಸಿಗುತ್ತಿತ್ತು. ಕಮಲಮ್ಮ ಆ ಚೂರನ್ನು ಬೆಳಕಿಗೆ ಹಿಡಿದು ನೋಡಿ ಕುಳಿತಲ್ಲೇ ಕುಳಿತುಬಿಟ್ಟರು.

"ಇದು ನನ್ನ ಅಮ್ಮನ ಹತ್ತಿರ ಇತ್ತು. ಹೀಗೆ ಚೂರಲ್ಲ, ಕಡ್ಡಿ. ಬಿದಿರಿನ ಕೊಳವೆಯಲ್ಲಿ ಅಂಟು ಹಿಡಿಯುತ್ತಾರೆ. ಮೈಮೇಲೆಲ್ಲ ಉದ್ದುದ್ದ ಗೆರೆ. ಬೆಲ್ಲ ಎಂದುಕೊಂಡು ನೆಕ್ಕಿದ್ದೆ. ದಿನವಿಡೀ ಹೊಟ್ಟೆ ನಿಲ್ಲಲಿಲ್ಲ."

"ಇದು ನಮ್ಮ ಘಟ್ಟದ ಮರದ್ದು ಕಣ್ರೀ. ಕಡ್ಡೀನೂ ಇಲ್ಲ, ಬಿದಿರೂ ಇಲ್ಲ" ಎಂದರು ಗುರುಸಿದ್ದಪ್ಪ.

ಆ ಸಂಜೆ ಕಮಲಮ್ಮ ಐಎಸ್‌ಡಿ ಬೂತಿನಿಂದ ಅಣ್ಣನಿಗೆ ಫೋನ್ ಮಾಡಿದರು. ನಾನು ಹೊರಗೆ ನಿಂತಿದ್ದೆ. ಬಂದವರ ಮುಖದಲ್ಲಿ ಎಂದಿನ ನಗು ಇರಲಿಲ್ಲ. ಅಣ್ಣ ಹಳೆಯದನ್ನೇ ಮತ್ತೆ ಹೇಳಿದ್ದ: ಅಮ್ಮ ಬೀಸಣಿಗೆ ಮಾರುತ್ತಿದ್ದಳು ಅಷ್ಟೆ, ಬರೆಯುತ್ತಿರಲಿಲ್ಲ, ಹಳದಿ ಕಡ್ಡಿ ನೀನು ಆಮೇಲೆ ಕಟ್ಟಿಕೊಂಡದ್ದು, ಹೊಟ್ಟೆ ಕೆಟ್ಟದ್ದು ಮೀನಿನಿಂದ.

"ನನ್ನ ಚಿತ್ರದಲ್ಲಿ ಪಶ್ಚಿಮ ಎಲ್ಲಿಂದ ಬಂತು ನನಗೆ ಗೊತ್ತು. ಮೇಷ್ಟ್ರ ಹೆಸರು, ಬೀದಿಯ ಹೆಸರು ಹೇಳುತ್ತೇನೆ. ಪೂರ್ವ ಎಲ್ಲಿಂದ ಬಂತು? ಅಮ್ಮನ ಕೈಯಿಂದ ಎಂದುಕೊಂಡಿದ್ದೆ. ಆಕೆ ಬರೆಯುತ್ತಲೇ ಇರಲಿಲ್ಲವಾದರೆ ಅದನ್ನೂ ಪ್ಯಾರಿಸ್ಸಿನ ಪುಸ್ತಕದಲ್ಲೇ ಕಲಿತಿದ್ದೇನೆ ಎಂದಾಯಿತು" ಎಂದರು. ಆಮೇಲೆ ಕೇಳಿದರು: "ನೀವು ವಿಜ್ಞಾನ ಓದಿದವರು. ಹೇಳಿ, ಆ ಕಡ್ಡಿ ನಿಜವೇ?"

ಕಂಡದ್ದನ್ನು ಹೇಳು, ಊಹಿಸಿದ್ದನ್ನು ಹೇಳಬೇಡ. ನಾನು ಕಂಡಿದ್ದದ್ದು ಚೂರು ಮಾತ್ರ. "ಆ ಅಂಟು ಭೇದಿ ಮದ್ದು ಎನ್ನುವುದು ನಿಜ. ಕಡ್ಡಿ, ಗೆರೆ ನಾನು ನೋಡಿಲ್ಲ. ಎಲ್ಲೋ ಓದಿ ಆಮೇಲೆ ನೆನಪಾಗಿ ಸೇರಿಕೊಂಡಿರಬಹುದು. ಅನುಮಾನವೇ" ಎಂದೆ.

"ಓದಿದ್ದರೆ ಹೊಟ್ಟೆ ಕೆಡುತ್ತದೆಯೇ ಸಾರ್?" ಎಂದರು. ನಗು ಸ್ವಲ್ಪ ವಾಪಸು ಬಂದಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ತಾಯಿಯ ಎಡಗೈಯಲ್ಲಿ ಹಳದಿ ಕಡ್ಡಿ ಬರೆದಿದ್ದರು, ಮೈಮೇಲೆ ಕೂದಲೆಳೆಯಂಥ ಗೆರೆಗಳು. ಗುರುಸಿದ್ದಪ್ಪನವರ ಮಕ್ಕಿಯನ್ನೇ ತೇದಿದ್ದರು. ಒಣಗಿದ ಮೇಲೆ ಚೌಕಟ್ಟನ್ನು ಹಿತ್ತಲಿಗೆ ತಂದು, "ಅಣ್ಣನೂ ಬೇಡ, ನೀವೂ ಬೇಡ. ನೀರು ಹೇಳಲಿ. ಕಡ್ಡಿ ತೊಳೆದುಹೋದರೆ ಇಡೀ ಚಿತ್ರವನ್ನು ಬಿಟ್ಟೆ" ಎಂದರು.

ತೊಟ್ಟಿಯ ಸುತ್ತ ನಾವು ಮೂವರೇ. ಚೌಕಟ್ಟು ನೀರೊಳಗೆ ಇಳಿಯಿತು. ಆಕೆ ಅಗಲ ಕುಂಚದಿಂದ ಮೆಲ್ಲಗೆ ನೀವತೊಡಗಿದರು. ತೊಟ್ಟಿಯ ನೀರು ಅರಿಶಿನ ಕದಡಿದ ಹಾಗಾಯಿತು. ಗುರುಸಿದ್ದಪ್ಪ ಅಲ್ಲಿಯವರೆಗೆ ಕಡ್ಡಿ ಸುಳ್ಳು ಎಂದು ವಾದಿಸಿದವರು, ಈಗ "ಸಾಕು ತೆಗೀರಿ ಮೇಡಂ, ಹೋಯ್ತದೆ, ತೆಗೀರಿ ಅಂದ್ರೆ!" ಎಂದು ಕೂಗಾಡತೊಡಗಿದರು. ನಾನು ಉಸಿರು ಬಿಗಿಹಿಡಿದಿದ್ದೆನೋ ಇಲ್ಲವೋ ನೆನಪಿಲ್ಲ. ಹಿಡಿದಿದ್ದೆ ಎಂದೇ ಬರೆಯಲು ಆಸೆಯಾಗುತ್ತದೆ.

ಎತ್ತಿದಾಗ ತಾಯಿಯ ಉಡುಪು ತಿಳಿಯಾಗಿತ್ತು, ಹಿನ್ನೆಲೆ ಮಸುಕಾಗಿತ್ತು. ಕೈ ಇತ್ತು. ಕಡ್ಡಿ ಇತ್ತು. ಗೆರೆಗಳು ಮೊದಲಿಗಿಂತ ಮೃದುವಾಗಿ, ಒಳಗಿನಿಂದ ಬಂದ ಹಾಗೆ ಕಾಣುತ್ತಿದ್ದವು. ಮಕ್ಕಿಯಲ್ಲಿರುವ ರಾಳ ರೇಷ್ಮೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಕಡ್ಡಿ ಉಳಿದದ್ದಕ್ಕೆ ಕಾರಣ ಅದು. ಆ ಹೊತ್ತಿನಲ್ಲಿ ಹೇಳಲಿಲ್ಲ. ಕಮಲಮ್ಮ ಒದ್ದೆ ಕೈಯಲ್ಲೇ ಗುರುಸಿದ್ದಪ್ಪನವರ ಬೆನ್ನು ತಟ್ಟಿದರು. ಅವರ ಬಿಳಿ ಅಂಗಿಯ ಮೇಲೆ ಹಳದಿ ಅಂಗೈ ಮೂಡಿತು. "ಇನ್ನು ಇದನ್ನ ಒಗೆಯಲ್ಲ" ಎಂದರು ಅವರು.

ತೊಳೆದ ರೇಷ್ಮೆಯನ್ನು ಹಲಗೆಗೆ ಅಂಟಿಸಿ, ಬೀಸಣಿಗೆಯ ಅಂಚಿಗೆ ಚಿನ್ನ ಕೂರಿಸಿ ಪ್ರದರ್ಶನಕ್ಕಿಟ್ಟೆವು. ಉದ್ಘಾಟನೆಯ ದಿನ ಶಿವನಂಜಪ್ಪನವರು ಗಣ್ಯರಿಗೆ ಚಿತ್ರ ವಿವರಿಸಿದರು: "ತಾಯಿ ಕೈಯಲ್ಲಿ ನಮ್ಮ ನಂಜನಗೂಡಿನ ರಸಬಾಳೆ. ಮೈಸೂರಿನ ಪ್ರಭಾವ ಎಷ್ಟಿದೆ ನೋಡಿ." ಚಪ್ಪಾಳೆ ಬಿತ್ತು. ತಿದ್ದಲು ಹೊರಟ ನನ್ನ ತೋಳನ್ನು ಕಮಲಮ್ಮ ಹಿಡಿದರು. "ಬಿಡಿ ಸಾರ್. ಬಾಳೆಹಣ್ಣು ತಿಂದರೆ ಹೊಟ್ಟೆ ಕೆಡುವುದಿಲ್ಲ." ಆ ಚಿತ್ರದ ಜತೆಯಲ್ಲೇ ಅವರು ಹೊರಟುಹೋದರು.

ಎರಡು ಸಾವಿರದ ಆಚೆ ನಮ್ಮ ಕೆಲಸ ಬದಲಾಯಿತು. ಕಂಪ್ಯೂಟರ್ ಬಂತು, ಡಿಜಿಟಲ್ ಕ್ಯಾಮೆರಾ ಬಂತು. ಉಗುಳಿನ ಬದಲಿಗೆ ಅದೇ ಗುಣದ ದ್ರಾವಣ ಸೀಸೆಯಲ್ಲಿ ಬಂತು. ಶಿವನಂಜಪ್ಪನವರು ನಿವೃತ್ತರಾಗಿದ್ದರೂ ಅವರ ಆಜ್ಞೆ ಹೀಗೆ ಗೆದ್ದಿತು. ಹೊಸಬರು ಪರದೆಯ ಮೇಲೆ ಬಿರುಕನ್ನು ದೊಡ್ಡದು ಮಾಡಿ ನೋಡುತ್ತಾರೆ. ಒಳ್ಳೆಯದೇ. ಆದರೂ ಒಮ್ಮೆ ಮೂಗು ಹತ್ತಿರ ತಂದು ವಾಸನೆಯನ್ನೂ ನೋಡಿ ಎನ್ನುತ್ತೇನೆ.

ನಾನು ನಿವೃತ್ತನಾದ ಮೇಲೆ ಒಂದು ದಿನ ಮನೆಗೆ ಅಳಲೆಕಾಯಿ ತರಲು ಮಾರುಕಟ್ಟೆಯ ಹತ್ತಿರದ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಕಲ್ಲಿನ ಮೇಲೆ ಏನನ್ನೋ ಇಟ್ಟು ಸುತ್ತಿಗೆ ಎತ್ತಿದ್ದರು. ಹೆಬ್ಬೆರಳು ಗಾತ್ರದ, ಗೇಣುದ್ದದ ಹಳದಿ ಕಡ್ಡಿ.

"ಒಡೀಬೇಡಿ!"

"ಅಯ್ಯೋ, ಒಡೆದೇ ಮಾರೋದು ಸಾರ್ ಇದನ್ನ. ಇಡೀದು ತಗೊಂಡ್ರೆ ಊರಿಗೆಲ್ಲಾ ಭೇದಿಯಾಯ್ತದೆ."

"ಎಲ್ಲಿಂದ ಬರತ್ತೆ ಇದು?"

"ಬೊಂಬಾಯಿಂದ."

"ಬೊಂಬಾಯಿಗೆ?"

"ಅದನ್ನ ಬೊಂಬಾಯವ್ರನ್ನ ಕೇಳಬೇಕು."

ಇಡೀ ಕಡ್ಡಿ ತಂದೆ. ಮೈಮೇಲೆ ಗೆರೆಗಳಿದ್ದವು. ಆದರೆ ಗೆರೆ ಇದ್ದ ಮಾತ್ರಕ್ಕೆ ಬಿದಿರಿನದು ಎಂದು ಹೇಗೆ ಹೇಳುವುದು? ಬೋಗಾದಿಯಲ್ಲಿ ಬಿದಿರಿಗೆ ಬರವಿಲ್ಲ. ಪಕ್ಕದಲ್ಲೇ ಮನೆ ಕಟ್ಟುತ್ತಿದ್ದರು, ಸಾರುವೆಯ ಬಿದಿರಿನ ತುಂಡೊಂದನ್ನು ಕೇಳಿ ತಂದೆ. ಒಳಗೆ ಮೇಣದಬತ್ತಿ ಕರಗಿಸಿ ಹೊಯ್ದು, ಆರಿದ ಮೇಲೆ ಸೀಳಿ, ಮೇಣದ ಕಡ್ಡಿಯನ್ನೂ ಹಳದಿ ಕಡ್ಡಿಯನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದೆ. ಎರಡರ ಮೇಲೂ ಒಂದೇ ಬಗೆಯ ಗೆರೆ. ಆಮೇಲೆ ನಾಗರತ್ನಮ್ಮನವರಿಂದ ನಂಬರು ತೆಗೆದುಕೊಂಡು ಪ್ಯಾರಿಸ್ಸಿಗೆ ಫೋನ್ ಮಾಡಿದೆ.

"ಈಗ ನೋಡಿದಿರಾ ಸಾರ್?" ಕಮಲಮ್ಮನ ದನಿ ಸಣ್ಣಗಾಗಿತ್ತು, ನಗು ಹಾಗೇ ಇತ್ತು. "ನಾನು ಅವತ್ತೇ ತೊಳೆದು ನೋಡಿದ್ದೆನಲ್ಲ. ಅಮ್ಮ ಈಗ ನನ್ನ ಅಡಿಗೆಮನೆಯ ಗೋಡೆಯ ಮೇಲಿದ್ದಾಳೆ. ಅಣ್ಣ ಬಂದಾಗಲೆಲ್ಲ ಅವಳ ಎದುರಿಗೇ ಕೂರಿಸಿ ಊಟ ಬಡಿಸುತ್ತೇನೆ."

ಇದರಿಂದ ಆಕೆಯ ತಾಯಿ ಬೀಸಣಿಗೆಗೆ ಬಣ್ಣ ಬರೆಯುತ್ತಿದ್ದಳು ಎಂದು ಸಿದ್ಧವಾಗುವುದಿಲ್ಲ. ಆ ಮುಖ ಹಾಗೇ ಇತ್ತೆಂದೂ ಸಿದ್ಧವಾಗುವುದಿಲ್ಲ. ಕಮಲಮ್ಮ ನಮ್ಮಲ್ಲಿಗೆ ಬಂದದ್ದು ಆಟೋದಲ್ಲೋ ಜಟಕಾದಲ್ಲೋ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಹಳದಿ ಕಡ್ಡಿಯ ಮೈಮೇಲೆ ಉದ್ದುದ್ದ ಗೆರೆಗಳಿರುತ್ತವೆ, ಅವು ಬಿದಿರಿನ ಒಳಮೈಯ ಗೆರೆಗಳು. ಅಷ್ಟನ್ನು ನೋಡಿದ್ದೇನೆ.